ಕಮಲಮ್ಮನ ಗ್ಯಾಸು

ದಿವ್ಯಾ ಮೂರನೇ ರೊಟ್ಟಿಗೆ ಕೈ ಚಾಚಿದಳು. ಕಮಲಮ್ಮ ರೊಟ್ಟಿ ಬುಟ್ಟಿಯನ್ನೇ ಎತ್ತಿ ತನ್ನ ಮಗ್ಗುಲಿಗೆ ಇಟ್ಟುಕೊಂಡಳು.

“ಸಾಕು. ಏಳು ಮ್ಯಾಲೆ.”

“ಹಸಿವು ಅಜ್ಜಿ.”

“ಹಸಿವಲ್ಲ ಅದು, ಚಪಲ. ಹನ್ನೆರಡು ವರ್ಷದ ಹುಡುಗಿ ಮೆಟ್ಲು ಹತ್ತಿದ್ರೆ ಮನೆ ಅದುರ್ತೈತೆ.”

“ನೀನು ನಾಲ್ಕು ತಿಂದೆ. ನಾನು ನೋಡಿದೀನಿ.”

“ದೊಡ್ಡೋರಿಗೆ ಎದುರು ಮಾತಾಡಬ್ಯಾಡ,” ಎಂದ ಅಜ್ಜ ಪಂಚಾಕ್ಷರಪ್ಪ, ತಟ್ಟೆಯಿಂದ ತಲೆ ಎತ್ತದೆ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಾಗಶ್ರೀ ಕೈ ನಿಲ್ಲಿಸಿದಳು. “ಮಕ್ಕಳು ತಿನ್ನೋ ಹೊತ್ತಿಗೆ ಲೆಕ್ಕ ಹಾಕಬ್ಯಾಡ್ರಿ ಅತ್ತೆ.”

“ಲೆಕ್ಕ ಹಾಕದೆ ಬಿಟ್ಟಿದ್ದಕ್ಕೇ ಹಿಂಗಾಗಿರೋದು. ನಿಮ್ಮವ್ವ ತಿನ್ನಿಸಿ ತಿನ್ನಿಸಿ ನಿನ್ನ ಈ ಮೈ ಮಾಡಿ ಕಳಿಸಿದ್ಲು, ನೀನು ನಿನ್ನ ಮಗಳನ್ನ ಮಾಡ್ತಿದೀಯ. ಹಿರಿಯೂರಿನ ಮೈ ಅದು. ನಮ್ಮ ಕಡೇದಲ್ಲ.”

ಈ ‘ನಮ್ಮ ಕಡೆ’ ಯಾವುದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ನಾಗಶ್ರೀ ಹೊರಗಿನವಳಲ್ಲ. ಕಮಲಮ್ಮನ ತವರು ಹೊಸದುರ್ಗ. ಅಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ನಾಗಭೂಷಣ ಅವಳ ಒಡಹುಟ್ಟಿದ ಅಣ್ಣ. ಆ ಅಣ್ಣನ ಮಗಳೇ ನಾಗಶ್ರೀ. ತವರಿನ ದಾರಿ ಮುಚ್ಚಿಹೋಗಬಾರದೆಂದು ಊಟ ಬಿಟ್ಟು ಕೂತು, ಗಂಡನನ್ನು ಒಪ್ಪಿಸಿ, ಅವಳನ್ನು ತನ್ನ ಮಗ ಶರಣ್‌ಗೆ ತಂದುಕೊಂಡವಳು ಸ್ವತಃ ಕಮಲಮ್ಮ. ಹಾಗಾಗಿ ಸೊಸೆಯ ತವರನ್ನು ಬೈದರೆ ತನ್ನ ತವರನ್ನೇ ಬೈದ ಹಾಗೆ. ಅದಕ್ಕೆ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಸೊಸೆಯಲ್ಲಿರುವ ಒಳ್ಳೆಯದೆಲ್ಲ ಅಣ್ಣನಿಂದ ಬಂದದ್ದು, ಕೆಟ್ಟದ್ದೆಲ್ಲ ಹಿರಿಯೂರಿನಿಂದ ಬಂದ ಅತ್ತಿಗೆಯಿಂದ. ಮದುವೆಯಾದಾಗಿನಿಂದ ಈ ನ್ಯಾಯ ನಡೆದುಕೊಂಡು ಬಂದಿತ್ತು. ಅಣ್ಣನ ಪಾಲಿಗೆ ಬಿದ್ದದ್ದು ಬಹಳ ಕಡಿಮೆ.

ಕಮಲಮ್ಮನ ಮೈಯೇನು ಸಣ್ಣದಲ್ಲ. ಹೊಳಲ್ಕೆರೆಯ ಬಸ್ ಸ್ಟ್ಯಾಂಡ್ ಹತ್ತಿರದ ಅವರ ಪಾತ್ರೆ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅವಳು ದಾರಿಯಲ್ಲಿ ಎರಡು ಜಗಲಿಗಳ ಮೇಲೆ ಕೂರಬೇಕು. ಎದೆ ಹಿಡಿದುಕೊಂಡು ಏದುಸಿರು ಬಿಡುವಾಗ ಯಾರಾದರೂ ಕೇಳಿದರೆ “ಗ್ಯಾಸು” ಎನ್ನುತ್ತಾಳೆ. ಓಮಿನ ನೀರು ಕುಡಿಯುತ್ತಾಳೆ, ನಿಂಬೆಹಣ್ಣಿನ ಸೋಡಾ ತರಿಸುತ್ತಾಳೆ, ಮೂರು ದಿಂಬು ಪೇರಿಸಿ ಒರಗಿಕೊಂಡೇ ಮಲಗುತ್ತಾಳೆ. ಅವಳಿಗೆ ಗ್ಯಾಸು ಎಂದು ಮನೆಗೆ ಗೊತ್ತು, ಬೀದಿಗೆ ಗೊತ್ತು, ಸೋಡಾ ಅಂಗಡಿಯವನಿಗೂ ಗೊತ್ತು.

ದೀಪಾವಳಿ ಕಳೆದ ಮೇಲೆ ದಿವ್ಯಾಳಿಗೆ ಕೆಮ್ಮು ಶುರುವಾಯಿತು. ಬೆಳಗಿನ ಜಾವ ಎದ್ದು ಕೂತು ಕೆಮ್ಮುತ್ತಿದ್ದಳು. ಶಾಲೆಯಲ್ಲಿ ಆಟದ ಪೀರಿಯಡ್‌ನಲ್ಲಿ ಎರಡು ಸಲ ಕುಸಿದು ಕೂತಳು. ಆಟದ ಮೇಷ್ಟ್ರು ಶರಣ್‌ಗೆ ಫೋನ್ ಮಾಡಿ, ಮಗುವನ್ನು ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಚಿತ್ರದುರ್ಗಕ್ಕೆ ಹೋಗುವುದೆಂದಾಯಿತು. ಹೊರಡುವ ಹಿಂದಿನ ಸಂಜೆ ನಾಗಶ್ರೀಗೆ ಅಪ್ಪನ ಫೋನ್ ಬಂತು.

“ನಾಳೆ ದುರ್ಗಕ್ಕೆ ಹೋಗ್ತೀರಂತೆ. ಡಾಕ್ಟ್ರು ಏನೇನೋ ಕೇಳ್ತಾರೆ ನೋಡವ್ವ. ಬಾಯಿ ಬಿಗಿ ಹಿಡಿದು ಮಾತಾಡು.”

“ಯಾಕಪ್ಪ?”

“ನಿನ್ನ ತಮ್ಮ ಹಾಲೇಶಂಗೆ ಬಿ.ದುರ್ಗದ ಹೆಣ್ಣು ಹೆಚ್ಚೂಕಮ್ಮಿ ಗೊತ್ತಾದಂಗೆ. ಒಳ್ಳೆ ಮನೆತನ. ಈಗ ಹೋಗಿ ನಮ್ಮಪ್ಪನ ಕಾಯಿಲೆ ಬಾಯಿಗೆ ತಂದೀಯ.”

“ತಾತಂಗೆ ದಮ್ಮು ಇದ್ದಿದ್ದು ಊರಿಗೇ ಗೊತ್ತಿತ್ತಲ್ಲಪ್ಪ.”

“ಹಾರ್ಟು. ನಿಮ್ಮ ತಾತ ಹೋಗಿದ್ದು ಹಾರ್ಟಿಂದ.”

ಹೊಸದುರ್ಗದ ಆ ತಾತನಿಗೆ ನಾಗಶ್ರೀಯೇ ಬೀಸಣಿಗೆ ಬೀಸಿದ್ದಳು. ಇಡೀ ಬೀದಿಯಲ್ಲಿ ಅಷ್ಟು ದೊಡ್ಡ ಮೈಯವರು ಇನ್ನೊಬ್ಬರಿರಲಿಲ್ಲ. ಕಟ್ಟೆಯ ಮೇಲೆ ಕಂಬ ತಬ್ಬಿಕೊಂಡು ಕೂತು, ಕತ್ತಿನ ನರ ಸೆಟೆದು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಿದ್ದರು. ಸತ್ತ ಮೇಲೆ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಹಾರ್ಟ್ ಅಟ್ಯಾಕಿಗೆ ಒಂದು ಮರ್ಯಾದೆ ಇದೆ. ಶ್ರೀಮಂತರಿಗೂ ಆಗುತ್ತದೆ, ಮಂತ್ರಿಗಳಿಗೂ ಆಗುತ್ತದೆ, ಅದಾಯಿತೆಂದು ಯಾರೂ ಆ ಮನೆಯ ಹೆಣ್ಣು ಬೇಡ, ಗಂಡು ಬೇಡ ಎನ್ನುವುದಿಲ್ಲ. ದಮ್ಮು ಹಾಗಲ್ಲ.

ಫೋನ್ ಇಟ್ಟು ಬಂದರೆ ಕಮಲಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

“ಡಾಕ್ಟ್ರು ಮನೆತನ ಕೇಳಿದ್ರೆ ಏನೂ ಇಲ್ಲ ಅನ್ನು. ನಮ್ಮ ಮನೇಲಿ ಏನೈತೆ ಹೇಳಾಕೆ?”

ಅಣ್ಣ ತಂಗಿ ಮಾತಾಡಿಕೊಂಡೇ ಇಬ್ಬರೂ ಹೇಳಿದ್ದಾರೆ ಎಂಬುದು ನಾಗಶ್ರೀಗೆ ತಿಳಿಯಿತು. ಸಿಟ್ಟು ಬಂತು. ತಮ್ಮನ ಮುಖವೂ ಕಣ್ಣ ಮುಂದೆ ಬಂತು. ಹಾಲೇಶನಿಗೆ ಮೂರು ವರ್ಷದಿಂದ ಹೆಣ್ಣು ಹುಡುಕುತ್ತಿದ್ದರು. ಅವಳೂ ಅವರೆಕಾಯಿ ಸುಲಿಯಲು ಕೂತಳು.

ಚಿತ್ರದುರ್ಗದ ಆಸ್ಪತ್ರೆ ಮೊದಲನೇ ಮಹಡಿಯಲ್ಲಿತ್ತು. ಡಾಕ್ಟರಮ್ಮ ದಿವ್ಯಾಳ ಬೆನ್ನಿಗೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ಆ ಹೊತ್ತಿಗೆ ಹುಡುಗಿಯ ಎದೆಯಲ್ಲಿ ಯಾವ ಶಬ್ದವೂ ಇರಲಿಲ್ಲ.

“ಮನೆಯಲ್ಲಿ ಯಾರಿಗಾದರೂ ದಮ್ಮು ಇದೆಯಾ? ತಂದೆ ಕಡೆ, ತಾಯಿ ಕಡೆ?”

ಶರಣ್ ಹೆಂಡತಿಯ ಮುಖ ನೋಡಿ “ನಮ್ಮ ಕಡೆ ಇಲ್ಲ ಮೇಡಂ” ಎಂದ.

“ನಮ್ಮ ಕಡೇನೂ ಇಲ್ಲ,” ಎಂದಳು ನಾಗಶ್ರೀ.

“ಬೆಳಗಿನ ಜಾವ ಕೆಮ್ಮು ಬರುತ್ತಾ?”

ದಿವ್ಯಾ ಬಾಯಿ ತೆರೆದಳು. ನಾಗಶ್ರೀ ಅವಳ ತೊಡೆ ಒತ್ತಿದಳು. “ಇಲ್ಲ ಮೇಡಂ. ಮೆಟ್ಲು ಹತ್ತಿದ್ರೆ ಸುಸ್ತು, ಅಷ್ಟೇ.”

“ಹಾಗಿದ್ದರೆ ಮೊದಲು ತೂಕ ಇಳಿಸೋಣ. ಕರಿದದ್ದು, ಸಿಹಿ ಕಡಿಮೆ ಮಾಡಿ. ದಿನಾ ಸ್ವಲ್ಪ ನಡೆಯಲಿ. ನಡೆಯುವಾಗ ಎದೆ ಹಿಡಿದರೆ ತಕ್ಷಣ ಕರ್ಕೊಂಡು ಬನ್ನಿ. ಆಗ ಬೇರೆ ಥರ ನೋಡಬೇಕಾಗುತ್ತೆ.”

ವಾಪಸ್ ಬರುವ ಬಸ್ಸಿನಲ್ಲಿ ದಿವ್ಯಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. “ಅಪ್ಪ, ನೀವಿಬ್ರೂ ಯಾಕೆ ಸುಳ್ಳು ಹೇಳಿದ್ರಿ?”

“ಸುಮ್ನೆ ಕುಂತ್ಕ,” ಎಂದ ಶರಣ್.

ಮನೆಯಲ್ಲಿ ಕಮಲಮ್ಮನ ಕಿವಿಗೆ ಬಿದ್ದದ್ದು ತೂಕ ಎಂಬ ಒಂದೇ ಮಾತು. ತಾನು ಹೇಳಿದ್ದನ್ನೇ ಡಾಕ್ಟರೂ ಹೇಳಿದ್ದಾರೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಶೇಂಗಾ, ಬೆಲ್ಲ, ಬೆಣ್ಣೆ ಎಲ್ಲವೂ ಬೀರುವಿನೊಳಗೆ ಹೋದವು. ಬೀಗದ ಕೈ ಅವಳ ಸೊಂಟಕ್ಕೆ ಬಂತು. ದಿವ್ಯಾಳಿಗೆ ಒಂದು ಹೊತ್ತಿಗೆ ಒಂದು ರೊಟ್ಟಿ. ಮುದ್ದೆಯಾದರೆ ಅರ್ಧ. ಮಗುವಿನ ಎದುರೇ ಉಳಿದವರು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಆ ವಿಷಯದಲ್ಲಿ ಮಾತ್ರ ಮನೆಯಲ್ಲಿ ಒಗ್ಗಟ್ಟಿತ್ತು.

ನಡೆಸುವ ಕೆಲಸವನ್ನು ಪಂಚಾಕ್ಷರಪ್ಪ ವಹಿಸಿಕೊಂಡ. ಬೆಳಗಾಗುತ್ತಲೇ ಮೊಮ್ಮಗಳನ್ನು ಎಬ್ಬಿಸಿ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದ. ತಾನು ಸ್ವೆಟರ್ ಹಾಕಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ನಡೆ ಎಂದು ಶುರುವಾದದ್ದು ಎರಡು ವಾರಕ್ಕೆ ಓಡು ಎಂದಾಯಿತು. ಓಡದಿದ್ದರೆ ಮೈ ಇಳಿಯುವುದಿಲ್ಲ ಎಂದು ಪಕ್ಕದ ಬೆಂಚಿನವರು ಯಾರೋ ಹೇಳಿದ್ದರು.

“ಎದೆ ಬಿಗಿತೈತೆ ಅಜ್ಜ.”

“ಸೋಮಾರಿಗಳು ಎಲ್ಲಾರೂ ಇದೇ ಹೇಳೋದು. ಇನ್ನೊಂದು ಸುತ್ತು ಹೋಗು.”

ಮನೆಗೆ ಬರುವಾಗ ಹುಡುಗಿಯ ತುಟಿ ಒಣಗಿರುತ್ತಿತ್ತು. ನಾಗಶ್ರೀ ಒಂದು ದಿನ ಬಾಗಿಲಲ್ಲೇ ಮಾವನನ್ನು ತಡೆದಳು.

“ಓಡಿಸಬ್ಯಾಡ್ರಿ ಮಾವ. ನಡೀಲಿ ಸಾಕು ಅಂದಿದಾರೆ.”

“ನಿಂಗೆ ಮಗಳು ತೆಳ್ಳಗಾಗೋದು ಬ್ಯಾಡೇನವ್ವ?”

“ಉಸಿರು ಕಟ್ತೈತೆ ಅವಳಿಗೆ.”

“ಮೈ ಇದ್ರೆ ಉಸಿರು ಕಟ್ಟೇ ಕಟ್ತೈತೆ. ದಮ್ಮೇನಾದ್ರೂ ಐತಾ ಅಂತ ಡಾಕ್ಟ್ರು ಕೇಳಿದ್ರಂತೆ, ನೀವೇ ಇಲ್ಲ ಅಂದಿದೀರಲ್ಲ.”

ನಾಗಶ್ರೀ ಬಾಗಿಲು ಬಿಟ್ಟು ಸರಿದಳು. ಹೌದು, ಅವಳೇ ಅಂದಿದ್ದಳು. ತಾನು ಆಡಿದ ಸುಳ್ಳು ತನ್ನ ಮಗಳ ಬೆನ್ನ ಹಿಂದೆ ಕೋಲು ಹಿಡಿದು ಓಡಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ತಮ್ಮನ ಮದುವೆ ಮುರಿಯುತ್ತದೆ, ಹೇಳದಿದ್ದರೆ ಇದು. ಮದುವೆ ಮುಗಿದುಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡು ಅವಳು ದಿನ ದೂಡಿದಳು. ಈ ಲೆಕ್ಕಾಚಾರಕ್ಕೆ ಅವಳನ್ನು ಎಷ್ಟು ಬೈದರೂ ಸಾಲದು.

ಗಂಡನ ಹತ್ತಿರ ಹೇಳಿ ನೋಡಿದಳು. ಶರಣ್ ಅಂಗಡಿಯಲ್ಲಿ ಮದುವೆಯ ಕೊಳಗದ ಮೇಲೆ ಹೆಸರು ಕೊರೆಯುತ್ತಿದ್ದ.

“ನಿಮ್ಮಪ್ಪಂಗೆ ಹೇಳ್ರಿ.”

“ಏನಂತ ಹೇಳ್ಲಿ? ನಿಮ್ಮ ತಾತಂದು ಹೇಳ್ಲಾ?”

“ನಿಮಗೂ ತಾತಾನೇ ಅವರು. ನಿಮ್ಮವ್ವನ ಅಪ್ಪ.”

“ಅದಕ್ಕೇ ಸುಮ್ನಿರೋದು. ಮೆಷಿನ್ನು ಓಡ್ತೈತೆ, ನೀನು ಮನೆಗೆ ಹೋಗು.”

ಅವಳು ಸೆರಗಿನಲ್ಲಿ ರೊಟ್ಟಿ ಮುಚ್ಚಿಟ್ಟುಕೊಂಡು ಹೋಗಿ ಹಿತ್ತಲಲ್ಲಿ ಮಗಳಿಗೆ ಕೊಡಲು ಶುರುಮಾಡಿದಳು. ಒಂದು ಮಧ್ಯಾಹ್ನ ಕಮಲಮ್ಮ ಬಟ್ಟೆ ತೆಗೆಯಲು ಬಂದವಳು ನೋಡಿಬಿಟ್ಟಳು.

“ಕಳ್ಳತನ ಬ್ಯಾರೆ ಕಲಿಸ್ತಿದೀಯ.”

“ನನ್ನ ಮಗಳಿಗೆ ರೊಟ್ಟಿ ಕೊಡಾಕೆ ನಾನು ಕದೀಬೇಕಾಗೈತೆ ನೋಡ್ರಿ ಈ ಮನೇಲಿ.”

“ನಾಳೆ ಇವಳಿಗೆ ಗಂಡು ಸಿಗದೇ ಹೋದ್ರೆ ನಿಮ್ಮಪ್ಪ ಬಂದು ಸಾಕ್ತಾನಾ?”

“ನಿಮ್ಮಣ್ಣ ಅನ್ರಿ. ನಮ್ಮಪ್ಪ ಅಂದ್ರೆ ನಿಮ್ಮಣ್ಣಾನೇ.”

ಕಮಲಮ್ಮ ಬೀರುವಿನ ಬೀಗದ ಕೈ ತೆಗೆದು ಅವಳ ಕಾಲ ಬುಡಕ್ಕೆ ಎಸೆದಳು. “ತಗ, ನೀನೇ ಯಜಮಾನಿಕೆ ಮಾಡು.” ಎಸೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ಗೋಡೆ ಹಿಡಿದು ನಿಂತು ಬಾಯಿ ತೆರೆದು ಉಸಿರೆಳೆದಳು. “ಗ್ಯಾಸು,” ಎಂದಳು, ಯಾರೂ ಕೇಳದಿದ್ದರೂ. ಸುಧಾರಿಸಿಕೊಂಡ ಮೇಲೆ ಬಗ್ಗಿ ಬೀಗದ ಕೈ ತಾನೇ ಎತ್ತಿಕೊಂಡು ಒಳಗೆ ಹೋದಳು.

ಅದಾದ ವಾರದಲ್ಲೇ ಚಳಿ ಜೋರಾಯಿತು. ಆ ಬೆಳಿಗ್ಗೆ ಮೈದಾನದಲ್ಲಿ ಯಾವುದೋ ಸಮಾರಂಭಕ್ಕೆಂದು ಕಸ ಗುಡಿಸಿ ಬೆಂಕಿ ಹಚ್ಚಿದ್ದರು. ಧೂಳು, ಹೊಗೆ ಎರಡೂ ತಗ್ಗಿನಲ್ಲಿ ನಿಂತಿದ್ದವು. ದಿವ್ಯಾ ಅರ್ಧ ಸುತ್ತಿಗೇ ನಿಂತಳು.

“ಆಗಲ್ಲ ಅಜ್ಜ.”

“ನಾಟಕ ಬ್ಯಾಡ. ಆ ಗೋಲ್ ಕಂಬ ಮುಟ್ಟಿ ಬಾ, ಮನೆಗೆ ಹೋಗಾಣ.”

ಅವಳು ಹೋದಳು. ಕಂಬ ಮುಟ್ಟಲಿಲ್ಲ. ಮಂಡಿ ಊರಿ ಕೂತಳು, ಆಮೇಲೆ ಕೈ ಊರಿದಳು. ಪಂಚಾಕ್ಷರಪ್ಪ ಬೆಂಚಿನಿಂದಲೇ ಎರಡು ಸಲ ಗದರಿದ. ಹತ್ತಿರ ಹೋಗಿ ನೋಡಿದಾಗ ಹುಡುಗಿಗೆ ಮಾತು ಬರುತ್ತಿರಲಿಲ್ಲ. ತುಟಿ ನೇರಳೆಗೆ ತಿರುಗಿತ್ತು. ಅವನು ಕೂಗಿಕೊಂಡ. ಯಾರೋ ಆಟೋ ತಂದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಇಟ್ಟು ಔಷಧದ ಹೊಗೆ ಕೊಟ್ಟರು, ಆಕ್ಸಿಜನ್ ಹಾಕಿದರು, ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ಅದೇ ಡಾಕ್ಟರಮ್ಮ. ಹಿಂದಿನಿಂದ ಬಾಡಿಗೆ ಕಾರಿನಲ್ಲಿ ಉಳಿದವರು ಬಂದರು. ಪಂಚಾಕ್ಷರಪ್ಪ ಒಳಗೆ ಬರಲಾರದೆ ಗೇಟಿನ ಹತ್ತಿರವೇ ಉಳಿದ.

“ಇದು ಬರೀ ತೂಕದ ಸಮಸ್ಯೆ ಅಲ್ಲ,” ಎಂದರು ಡಾಕ್ಟರಮ್ಮ. ಧ್ವನಿ ಗಡುಸಾಗಿತ್ತು. “ಹೋದ ಸಲ ನಾನು ಒಂದು ಪ್ರಶ್ನೆ ಕೇಳಿದ್ದೆ. ಇನ್ನೊಂದು ಸಲ ಕೇಳ್ತೀನಿ. ಮನೆಯಲ್ಲಿ ಯಾರಿಗಾದರೂ ದಮ್ಮು ಇದೆಯಾ, ಇತ್ತಾ?”

ಶರಣ್ ನೆಲ ನೋಡಿದ. ಕಮಲಮ್ಮ ಮುಂದೆ ಬಂದು “ನಮ್ಮ ವಂಶದಾಗೆ ಯಾರಿಗೂ ಇಲ್ರಿ” ಎಂದಳು.

“ಐತೆ,” ಎಂದಳು ನಾಗಶ್ರೀ.

“ಲೇ, ಬಾಯಿ ಮುಚ್ಚು.”

“ನಮ್ಮಪ್ಪನ ಅಪ್ಪ ದಮ್ಮಿನಿಂದಾನೇ ಸತ್ತಿದ್ದು ಮೇಡಂ. ಬಹಳ ದಪ್ಪ ಇದ್ರು. ಇವಳಿಗೆ ಬೆಳಗಿನ ಜಾವ ಕೆಮ್ಮು ಬರ್ತೈತೆ. ಅವತ್ತು ಸುಳ್ಳು ಹೇಳಿದ್ವಿ. ಆ ತಾತ ಈ ನಮ್ಮತ್ತೆಗೆ ಸ್ವಂತ ಅಪ್ಪ. ನಮ್ಮಪ್ಪ ಇವರು ಅಣ್ಣ ತಂಗಿ. ಅಂದ್ರೆ ನನ್ನ ಕಡೇನೂ ಅವರೇ, ನನ್ನ ಗಂಡನ ಕಡೇನೂ ಅವರೇ.”

ಡಾಕ್ಟರಮ್ಮ ಅದನ್ನೆಲ್ಲ ಬರೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. “ಕೆಲವು ಮನೆತನಗಳಲ್ಲಿ ದಮ್ಮಿನ ಗುಣ, ಮೈ ಬರುವ ಗುಣ ಎರಡೂ ಜೊತೆಯಾಗಿ ಇಳಿದು ಬರುತ್ತವೆ. ಎರಡರ ಹಿಂದಿರುವ ಜೀನ್‌ಗಳಲ್ಲಿ ಕೆಲವು ಒಂದೇ. ಇಲ್ಲಿ ಎರಡೂ ಕಡೆಯಿಂದ ಒಂದೇ ಮನೆತನ. ಹಾಗಂತ ಬಂದೇ ಬರುತ್ತೆ ಅಂತಲ್ಲ. ಹುಡುಗಿ ಬರೀ ತಿಂದು ದಪ್ಪ ಆಗಿಲ್ಲ, ಸೋಮಾರಿಯೂ ಅಲ್ಲ. ಮೊದಲು ಉಸಿರು ಹತೋಟಿಗೆ ಬರಬೇಕು, ದಿನಾ ಇನ್ಹೇಲರ್ ಪಂಪಿನಿಂದ ಔಷಧ ಎಳ್ಕೋಬೇಕು, ತೂಕ ಆಮೇಲೆ. ಇದನ್ನ ನೀವು ಒಂದು ತಿಂಗಳ ಹಿಂದೆ ಹೇಳಿದ್ದರೆ ಮಗು ಈ ಸ್ಥಿತಿಯಲ್ಲಿ ಬರ್ತಿರಲಿಲ್ಲ.”

“ನಮ್ಮಪ್ಪಂಗೆ ಹಾರ್ಟು,” ಎಂದಳು ಕಮಲಮ್ಮ.

ಹೊರಗೆ ಬಂದ ಮೇಲೆ ಅವಳು ಸೊಸೆಯ ತೋಳು ಹಿಡಿದು ಜಗ್ಗಿದಳು. “ಸತ್ತೋರ ಮರ್ಯಾದೆ ತೆಗೆದೆಯಲ್ಲೇ.”

“ಬದುಕಿರೋಳನ್ನ ಉಳಿಸ್ಕಳಾಕೆ ತೆಗೆದೆ,” ಎಂದಳು ನಾಗಶ್ರೀ. ತೋಳು ಬಿಡಿಸಿಕೊಂಡಳು.

ಪಾತ್ರೆ ಅಂಗಡಿಯಿರುವ ಮನೆಯ ಸುದ್ದಿಗೆ ಬೇರೆ ಡಂಗುರ ಬೇಡ. ಮದುವೆ ಪಾತ್ರೆ ಕೊಳ್ಳಲು ಬಂದವರು ಗಲ್ಲಾದ ಮುಂದೆ ಕೂತು ಯಾರ ಮನೆಗೆ ಯಾರು, ಯಾರಿಗೆ ಏನು ಎಂದು ಮಾತಾಡುವುದು ವ್ಯಾಪಾರದ ಒಂದು ಭಾಗ. ಬಿ.ದುರ್ಗದಿಂದ ಬಂದಿದ್ದ ಹೆಣ್ಣಿನ ದೊಡ್ಡಪ್ಪ “ನಿಮ್ಮ ಮಗಳಿಗೆ ಏನಾಗಿತ್ತಂತೆ” ಎಂದು ಕೇಳಿದ. ಶರಣ್ ತಡವರಿಸಿದ. ದೊಡ್ಡಪ್ಪ ಕೊಳಗ ಕೊಳ್ಳದೆ ಹೋದ. ಹಾಲೇಶನ ಮಾತುಕತೆ ಅಲ್ಲಿಗೆ ನಿಂತಿತು.

ನಾಗಭೂಷಣ ಹೊಸದುರ್ಗದಿಂದ ಬಂದ. ಚಪ್ಪಲಿ ಬಿಡದೆ ಪಡಸಾಲೆಯಲ್ಲಿ ನಿಂತ. ಮೊಮ್ಮಗಳು ಮಂಚದ ಮೇಲೆ ಕೂತು ಪಂಪಿನ ಔಷಧ ಎಳೆದುಕೊಳ್ಳುತ್ತಿದ್ದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ.

“ತಮ್ಮನ ಮದುವೆ ಮುರಿದೆಯಲ್ಲವ್ವ. ಸಮಾಧಾನ ಆಯ್ತಾ?”

“ಅಪ್ಪ, ಇವಳು ಸಾಯ್ತಿದ್ಲು.”

“ಸಾಯಲಿಲ್ಲವಲ್ಲ.”

ಆ ಮಾತು ಆಡಿದ ಮೇಲೆ ಅವನಿಗೂ ಒಂದು ಕ್ಷಣ ನಾಚಿಕೆಯಾಗಿರಬೇಕು. ಆದರೂ ಬಂದ ಕೆಲಸ ಮುಗಿಸಿಯೇ ಹೋದ. “ಇನ್ನು ಹೊಸದುರ್ಗದ ಕಡೆ ಬರಬ್ಯಾಡ. ಹಬ್ಬಕ್ಕೂ ಬ್ಯಾಡ.”

ಕಮಲಮ್ಮ ಅಣ್ಣನ ಪಕ್ಕ ನಿಂತು ತಲೆಯಾಡಿಸಿದಳು. “ನೋಡಣ್ಣ, ಎಲ್ಲಾ ಹಿರಿಯೂರಿನ ಬುದ್ಧಿ.”

ನಾಗಶ್ರೀ ಅಳಲಿಲ್ಲ. ಅಳು ಬಂದದ್ದು ಆಮೇಲೆ, ಪಾತ್ರೆ ತೊಳೆಯುವಾಗ. ತವರು ಹೋಯಿತು. ಈ ಮನೆ ಯಾವತ್ತೂ ತನ್ನದಾಗಿರಲಿಲ್ಲ. ದಿವ್ಯಾ ಹಿಂದಿನಿಂದ ಬಂದು ನಿಂತಳು.

“ಅಮ್ಮ, ನನ್ನ ಮದುವೇಲೂ ಹಿಂಗೇ ಸುಳ್ಳು ಹೇಳ್ತೀರಾ?”

“ಇಲ್ಲ.”

“ಹಂಗಾದ್ರೆ ನನ್ನ ಯಾರು ಮದುವೆ ಆಗ್ತಾರೆ?”

ನಾಗಶ್ರೀ “ಹೋಗಿ ಓದ್ಕ,” ಎಂದಳು.

ಮುಂದಿನ ವಾರಗಳಲ್ಲಿ ಅತ್ತೆ ಸೊಸೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ದಿವ್ಯಾಳ ಮೂಲಕ ಕೇಳುತ್ತಿದ್ದರು. ಬೀರುವಿನ ಬೀಗ ಹೋಯಿತು. ಯಾರು ತೆಗೆದರೆಂದು ಯಾರೂ ಹೇಳಲಿಲ್ಲ. ಶರಣ್ ಅಪ್ಪನಿಗೆ “ಇನ್ನು ಅವಳನ್ನ ಮೈದಾನಕ್ಕೆ ಕರ್ಕಂಡು ಹೋಗಬ್ಯಾಡ” ಎಂದ. ಹುಟ್ಟಿದಾಗಿನಿಂದ ಅವನು ಅಪ್ಪನಿಗೆ ಬೇಡ ಎಂದದ್ದು ಅದೇ ಮೊದಲಿರಬೇಕು. ದಿವ್ಯಾಳ ಕೆಮ್ಮು ತಗ್ಗಿತು. ಕಮಲಮ್ಮನ ಗ್ಯಾಸು ಮಾತ್ರ ದಿನದಿಂದ ದಿನಕ್ಕೆ ಏರಿತು. ಸೋಡಾ ಕುಡಿದು ಕುಡಿದು ಸಾಕಾಗಿ, ದುರ್ಗದಲ್ಲಿ ಒಳ್ಳೆಯ ಗ್ಯಾಸಿನ ಡಾಕ್ಟರಿದ್ದಾರಂತೆ ಎಂದು ಮೊಮ್ಮಗಳನ್ನು ಮತ್ತೆ ತೋರಿಸಲು ಹೊರಟ ದಿನ ತಾನೂ ಬಸ್ಸು ಹತ್ತಿದಳು. ಅಂಗಡಿಗೆ ಸಾಮಾನು ತರಬೇಕೆಂದು ಪಂಚಾಕ್ಷರಪ್ಪನೂ ಬಂದ.

ಆಸ್ಪತ್ರೆಯ ಮೆಟ್ಟಿಲು ಹತ್ತಿ ಮಹಡಿ ಸೇರುವಷ್ಟರಲ್ಲಿ ಕಮಲಮ್ಮನ ಮುಖ ಕಪ್ಪಿಟ್ಟಿತ್ತು. ಪಂಚಾಕ್ಷರಪ್ಪ ಹೊರಗಿನ ಬೆಂಚಿನಲ್ಲಿ ಕೂತ. ಇವರು ಒಳಗೆ ಹೋದರು. ಡಾಕ್ಟರಮ್ಮ ದಿವ್ಯಾಳಿಂದ ಉಸಿರಿನ ಬಲ ಅಳೆಯುವ ಕೊಳವೆ ಊದಿಸಿ, ಎದೆ ಪರೀಕ್ಷಿಸಿ ಚೆನ್ನಾಗಿದೆ ಎಂದರು. ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದ ಮೇಲೂ ಅವರಿಗೆ ಸಿಳ್ಳೆಯಂಥ ಶಬ್ದ ಕೇಳುತ್ತಿತ್ತು. ತಿರುಗಿ ನೋಡಿದರು.

“ಅಜ್ಜಿ, ಇಲ್ಲಿ ಬಂದು ಕೂತ್ಕೊಳ್ಳಿ.”

“ನಂದು ಗ್ಯಾಸುರೀ. ಬ್ಯಾರೆ ಡಾಕ್ಟ್ರತ್ರ ಹೋಗಬೇಕು.”

“ಕೂತ್ಕೊಳ್ಳಿ.”

ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಅದೇ ಕೊಳವೆ ಕೊಟ್ಟು ಜೋರಾಗಿ ಊದಿ ಎಂದರು. ಕಮಲಮ್ಮ ಊದಿದಳು. ಮುಳ್ಳು ಸ್ವಲ್ಪವೇ ಅಲುಗಿ ನಿಂತಿತು. ದಿವ್ಯಾ ಊದಿದಾಗ ಅದಕ್ಕಿಂತ ಎಷ್ಟೋ ಮುಂದೆ ಹೋಗಿದ್ದನ್ನು ಎಲ್ಲರೂ ಆಗತಾನೇ ನೋಡಿದ್ದರು.

“ಎಷ್ಟು ವರ್ಷದಿಂದ ಇದೆ ಇದು?”

ಕಮಲಮ್ಮ ಬಾಗಿಲ ಕಡೆ ನೋಡಿದಳು. “ಆ ಬಾಗಿಲು ಹಾಕು,” ಎಂದಳು. ತಿಂಗಳ ಮೇಲೆ ಸೊಸೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾಗಶ್ರೀ ಹೋಗಿ ಬಾಗಿಲು ಹಾಕಿದಳು.

“ಲಂಗ ಉಡೋ ಹುಡುಗಿ ಆಗಿದ್ದಾಗಿನಿಂದ. 'ಗಂಡನ ಮನೆಗೆ ಹೋದ ಮೇಲೆ ಉಸಿರು ಕಟ್ಟಿದ್ರೆ ಹೊಟ್ಟೆ ಉಬ್ಬರ ಅನ್ನು, ದಮ್ಮು ಅಂದ್ರೆ ವಾಪಸ್ ಕಳಿಸ್ತಾರೆ' ಅಂತ ನಮ್ಮಪ್ಪ ಹೇಳಿ ಕಳಿಸಿದ್ದ. ಹಂಗೇ ಹೇಳ್ಕಂಡು ಬಂದೆ. ಆಮೇಲೆ ಗ್ಯಾಸು ಅನ್ನೋ ಮಾತು ಬಂತು, ಇನ್ನೂ ಅನುಕೂಲ ಆಯ್ತು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಮ್ಮ ಯಜಮಾನ್ರಿಗೆ ಹೇಳಬ್ಯಾಡ್ರಿ.”

ನಾಗಶ್ರೀಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಆ ಉಸಿರಿನ ಕಷ್ಟ ಏನೆಂದು ಮೈಯಲ್ಲೇ ಬಲ್ಲವಳು, ಅದೇ ಕಷ್ಟವನ್ನು ಮೊಮ್ಮಗಳಲ್ಲಿ ನೋಡಿ ಚಪಲ ಎಂದಿದ್ದಳು.

“ನಿಮಗೆ ಗೊತ್ತಿತ್ತು ಅತ್ತೆ. ಮನೇಲಿ ಎಲ್ಲಾರಿಗಿಂತ ಚೆನ್ನಾಗಿ ನಿಮಗೇ ಗೊತ್ತಿತ್ತು.”

ಡಾಕ್ಟರಮ್ಮ ನರ್ಸಿನಿಂದ ಪಂಪು, ಪ್ಲಾಸ್ಟಿಕ್ ಕೊಳವೆ ತರಿಸಿ ಈಗಲೇ ಎಳೆದುಕೊಳ್ಳಿ ಎಂದರು. “ಮನೆಗೆ ಹೋಗಿ ತಗಂತೀನಿ” ಎಂದು ಕಮಲಮ್ಮ ಎರಡನ್ನೂ ಚೀಲದಲ್ಲಿ ಸೀರೆಯ ಕೆಳಗೆ ತುರುಕಿದಳು.

ಹೊರಗೆ ಬೆಂಚುಗಳ ತುಂಬ ಜನ. ಪಂಚಾಕ್ಷರಪ್ಪ ಎದ್ದು ನಿಂತ. “ಏನಂತೆ?”

“ಗ್ಯಾಸು,” ಎಂದಳು ಕಮಲಮ್ಮ.

“ದಮ್ಮು,” ಎಂದಳು ನಾಗಶ್ರೀ. “ಮದುವೆಗೆ ಮುಂಚಿನಿಂದ್ಲೂ ಐತಂತೆ.”

ಕಮಲಮ್ಮ ಗೋಡೆಗೆ ಒರಗಿದಳು. ಪಂಚಾಕ್ಷರಪ್ಪ ಆಚೆ ಈಚೆ ನೋಡಿ ದನಿ ತಗ್ಗಿಸಿದ. “ಗೊತ್ತು.”

“ಏನು ಗೊತ್ತು?”

“ಪಕ್ಕದಾಗೆ ಮಲಗೋನಿಗೆ ಗೊತ್ತಾಗಲ್ವಾ? ಮೊದಲನೇ ವರ್ಷಾನೇ ಗೊತ್ತಾಯ್ತು. ನಮ್ಮವ್ವಂಗೆ ತಿಳಿದಿದ್ರೆ ನಿನ್ನ ಮನೇಲಿ ಇಟ್ಕಂತಿರಲಿಲ್ಲ. ಅದಕ್ಕೇ ಸುಮ್ನಾದೆ.” ಇದನ್ನು ಅವನು ಒಂದು ದೊಡ್ಡ ಉಪಕಾರವೆಂಬಂತೆಯೇ ಹೇಳಿದ.

“ಗೊತ್ತಿದ್ದೂ ನನ್ನ ಮಗಳನ್ನ ಓಡಿಸಿದ್ರಾ ಮಾವ?” ಎಂದಳು ನಾಗಶ್ರೀ.

ಅವನು ದಿವ್ಯಾಳ ಕಡೆ ನೋಡಿದ. ದಿವ್ಯಾ ಅವನನ್ನೇ ನೋಡುತ್ತಿದ್ದಳು. ಅವನು ಮುಖ ತಿರುಗಿಸಿಕೊಂಡ.

ಕಮಲಮ್ಮ ಗೋಡೆ ಬಿಟ್ಟು ಮುಂದೆ ಬಂದಳು. “ನಾನು ಬೆಳಕು ಹರಿಯೋ ತನಕ ಎದ್ದು ಕುಂತಿರ್ತಿದ್ನಲ್ಲ. ಆಗೆಲ್ಲ ನೀವು ಎದ್ದೇ ಇರ್ತಿದ್ರಾ?”

“ನಿದ್ದೆ ಎಲ್ಲಿ ಬರಬೇಕು ಆ ಶಬ್ದಕ್ಕೆ.”

“ಒಂದು ಲೋಟ ಬಿಸಿನೀರು ಕೊಡಾಕೆ ಕೈ ಬರಲಿಲ್ವಾ?”

“ಕೊಟ್ಟಿದ್ರೆ ನಂಗೆ ಗೊತ್ತೈತೆ ಅಂತ ನಿಂಗೆ ಗೊತ್ತಾಗ್ತಿತ್ತು.”

ಕಮಲಮ್ಮ ಬೆಂಚಿನ ಮೇಲೆ ಇಬ್ಬರು ಅಪರಿಚಿತರ ನಡುವೆ ಕೂತು, ಚೀಲದೊಳಗೆ ಕೈ ಹಾಕಿ ಪಂಪು ಹೊರಗೆ ತೆಗೆದಳು.

“ಬಾರೇ ಇಲ್ಲಿ,” ಎಂದಳು ಮೊಮ್ಮಗಳಿಗೆ. “ಹೆಂಗೆ ಎಳ್ಕಬೇಕು, ತೋರಿಸು.”

“ಇಲ್ಲೇನು, ಎಲ್ಲಾರೂ ನೋಡ್ತಾರೆ,” ಎಂದ ಪಂಚಾಕ್ಷರಪ್ಪ.

“ನೋಡ್ಲಿ,” ಎಂದಳು ಕಮಲಮ್ಮ.